ಮೆಟ್ಟಿಲ ಮೇಲಿನ ಮ್ಯಾಂಡೊಲಿನ್

೨೨-೫-೧೯೬೧, ಸೋಮವಾರ

ಅಣ್ಣಾಸಾಹೇಬ ಇವತ್ತು ಮೆಟ್ಟಿಲು ಹತ್ತಿದ. ಹತ್ತಿದ್ದಷ್ಟೇ ಅಲ್ಲ, ನನ್ನ ಮಗ್ಗುಲಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತು ತೊಡೆಯ ಮೇಲೆ ಮ್ಯಾಂಡೊಲಿನ್ ಇಟ್ಟುಕೊಂಡ. ಎಂಟು ತಂತಿಯ ಆ ಡಬ್ಬಿಯನ್ನು ಮದುವೆ ಬ್ಯಾಂಡಿನವರ ಕೈಯಲ್ಲಿ ನೋಡಿದ್ದೆ. ಮಠದ ಗದ್ದಿಗೆಯ ಮುಂದೆ ನೋಡಿದ್ದು ಇದೇ ಮೊದಲು.

ನಮ್ಮ ಮಠದ ಕಟ್ಟಳೆ ಇಚಲಕರಂಜಿಗೆಲ್ಲ ಗೊತ್ತು. ಗದ್ದಿಗೆಯ ಮುಂದಿನ ಕಟ್ಟೆಗೆ ಒಂದು ಕಲ್ಲಿನ ಮೆಟ್ಟಿಲು. ತೊಗಲು, ಎಲುಬು ಆ ಮೆಟ್ಟಿಲನ್ನು ಹತ್ತುವಂತಿಲ್ಲ. ತಬಲಾ ತೊಗಲಿನದು, ಆದ್ದರಿಂದ ತಬಲಾ ಬಾರಿಸುವ ಯಲಗೂರಪ್ಪ ಕೆಳಗೆ. ಮೇಲೆ ತಾಳದವರು, ಹಾಡುವವರು, ಹಾರ್ಮೋನಿಯಮ್ಮಿನ ಮುಂದೆ ನಾನು. ಅಪ್ಪ ಕೂತ ಜಾಗ ಅದು, ಅವರು ಹೋದ ಮೇಲೆ ನನ್ನದು. ಸೋಮವಾರದ ಭಜನೆ ಅಂದರೆ ನೂಲಿನಂಗಡಿ ಕಾಡಸಿದ್ದಪ್ಪನ ಪೆಟ್ಟಿಗೆ ಅಂತ ಮಂದಿ ಹೇಳುತ್ತಾರೆ.

ಈ ಅಣ್ಣಾಸಾಹೇಬ ನನ್ನ ಹೆಂಡತಿಯ ತಮ್ಮ. ನನ್ನ ಅಂಗಡಿಯ ಪಕ್ಕದಲ್ಲಿ ನಾಲ್ಕು ಮಗ್ಗ ಹಾಕಿಕೊಳ್ಳಲು ಇವನಿಗೆ ಜಾಗ ಕೊಟ್ಟವನು ನಾನೇ. ಬೆರಳು ತೋರಿಸಿದರೆ ಹಸ್ತ ನುಂಗುವವನು. ಈಗ ನನ್ನ ಪಕ್ಕ ಕೂಡುವುದೇ ಇವನಿಗೆ ಚಟವಾಗಿದೆ.

ಅದೂ ಹೋಗಲಿ. ಇವನು ತಂತಿ ಮೀಟಿದ ಕೂಡಲೇ, ಕಿವಿ ಮಂದವಾದ ನಮ್ಮ ಅಜ್ಜಾರು, ಮಠದ ಸ್ವಾಮಿಗಳು, ಕತ್ತು ತಿರುಗಿಸಿ ನೋಡಿದರು. ನನ್ನ ಪೆಟ್ಟಿಗೆಗೆ ಅವರು ಒಮ್ಮೆಯೂ ಕತ್ತು ತಿರುಗಿಸಿದವರಲ್ಲ. ಹೊಟ್ಟೆ ಉರಿಯಿತು. ಉರಿಯಿತು ಎಂದೇ ಬರೆಯುತ್ತೇನೆ, ಇದನ್ನು ಓದುವವರು ಯಾರೂ ಇಲ್ಲ.

೨೯-೫-೧೯೬೧, ಸೋಮವಾರ

ವಾರವಿಡೀ ಯೋಚಿಸಿದ್ದಕ್ಕೆ ದಾರಿ ಹೊಳೆಯಿತು. ಮ್ಯಾಂಡೊಲಿನ್ನಿನ ಕೊರಳಿನ ತುದಿಯಲ್ಲಿ, ತಂತಿಗಳು ಹಾದುಹೋಗುವ ಕಡೆ, ಒಂದು ಬಿಳಿ ತುಂಡು ಇದೆ. ಎಲುಬಲ್ಲದೆ ಮತ್ತೇನು? ಭಜನೆ ಮುಗಿದ ಮೇಲೆ ಎಲ್ಲರೆದುರು ಎದ್ದು ನಿಂತೆ.

"ಅಜ್ಜಾರ, ಆ ಬಿಳೇ ತುಂಡ ಎಲಬ ಐತ್ರಿ. ಕಟ್ಟಿಗಿ ಅಂಟಿಸಿದ್ದೂ ತೊಗಲ ಕುದಿಸಿದ ಅಂಟಿಲೇನ ಇರಬೇಕು. ಅದು ಮೆಟ್ಟಲಾ ಹತ್ತಬಾರದ್ರಿ."

ಅಣ್ಣಾಸಾಹೇಬ ನಕ್ಕ. "ಮಾವಾರ, ನೀವ್ ಕಣ್ಣಿಲೆ ಕಂಡೀರೇನ್ರಿ? ಕುಣೀಲಾರದಾಕಿ ನೆಲಾ ಡೊಂಕ ಅಂದಿದ್ಲಂತ."

ಮಂದಿಯೂ ನಕ್ಕರು. ಯಲಗೂರಪ್ಪ ಕೆಳಗೆ ಕೂತು ಎಲ್ಲರಿಗಿಂತ ಜೋರಾಗಿ ನಕ್ಕ.

ಅಜ್ಜಾರು ಮ್ಯಾಂಡೊಲಿನ್ನನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. "ಯಾರ್ ಮಾಡಿದ್ದು ಇದು?" ಎಂದರು. ಅಣ್ಣಾಸಾಹೇಬನಿಗೆ ಗೊತ್ತಿಲ್ಲ. ಕೊಲ್ಲಾಪುರದಲ್ಲಿ ಕೆಲಸ ಬಿಟ್ಟ ಒಬ್ಬ ವಾದ್ಯಗಾರನಿಂದ ಹಳೆಯದನ್ನೇ ಕೊಂಡಿದ್ದಾನಂತೆ. ಒಳಗೆ ಹೆಸರಿನ ಚೀಟಿ ಇದ್ದ ಕಡೆ ಕೆರೆದ ಗುರುತಷ್ಟೇ ಇದೆ.

"ಹಂಗಾದ್ರ ದೂರ ಕೊಟ್ಟಾಂವಾ ಪುರಾವೆ ತರಬೇಕು," ಎಂದರು ಅಜ್ಜಾರು. "ಕಾಡಸಿದ್ದಪ್ಪ, ಇದನ್ನ ಮಾಡಿದಾಂವನ್ನ ಹುಡುಕು. ಏನ ಹಾಕಿ ಮಾಡ್ಯಾನ ಕೇಳ್ಕೊಂಡ ಬಾ. ಶ್ರಾವಣದ ಮೊದಲನೇ ಸೋಮವಾರ ಎಲ್ಲಾರ ಮುಂದ ಹೇಳು. ಗೊತ್ತಾಗೂತನಾ ಇದು ಮೆಟ್ಟಲಾ ಹತ್ತೂದು ಬ್ಯಾಡ, ನಿನ್ನ ಮನ್ಯಾಗಿರಲಿ."

ದೂರು ಕೊಟ್ಟವನ ಕೊರಳಿಗೇ ಬಿತ್ತು. ಬೀಳಲಿ. ಇದನ್ನು ಮಾಡಿದವನು ಒಬ್ಬ ಕಟುಕನೇ ಆಗಿರಲಿ ಎಂದು ಬೇಡಿಕೊಂಡು ಮನೆಗೆ ಬಂದೆ.

೩೧-೫-೧೯೬೧

ಗೌರವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ತಮ್ಮನ ವಾದ್ಯವನ್ನು ಕಸಿದುಕೊಂಡು ಬಂದ ಗಂಡನಿಗೆ ಊಟಕ್ಕೇನೋ ಹಾಕುತ್ತಾಳೆ, ಆದರೆ ಕರೆಯುವುದು ಗೋಡೆಯನ್ನು. "ಊಟಕ್ಕ ಆಗೇತಿ ಅಂತ ಹೇಳಬೇಕು" ಎಂದು ಗೋಡೆಯ ಕಡೆ ಮುಖ ಮಾಡಿ ಅನ್ನುತ್ತಾಳೆ. ನಾನೂ ಗೋಡೆಗೇ ಉತ್ತರ ಕೊಡುತ್ತೇನೆ. ಮ್ಯಾಂಡೊಲಿನ್ ನೂಲಿನ ಗಂಟುಗಳ ಮೇಲೆ ಬಿದ್ದಿದೆ. ಇಲಿ ಕಡಿದರೂ ನನಗೇನಿಲ್ಲ.

೮-೬-೧೯೬೧, ಗುರುವಾರ

ಕೊಲ್ಲಾಪುರಕ್ಕೆ ಹೋಗಿ ಬಂದೆ. ಡಬ್ಬಿಯನ್ನು ಗೋಣಿಚೀಲದಲ್ಲಿ ಸುತ್ತಿದ್ದೆ, ಆದರೂ ಅದರ ಕೊರಳು ಹೊರಗೆ ಚಾಚಿಕೊಂಡಿತ್ತು. ಎಸ್.ಟಿ. ಬಸ್ಸಿನಲ್ಲಿ ಪಕ್ಕ ಕೂತವನು "ಕಾಯ್ ಪಾವ್ಹಣಂ, ತಮಾಶಾತ ಆಹಾತ ಕಾ?" ಎಂದು ಕೇಳಿದ. ವಿಭೂತಿ ಹಚ್ಚಿಕೊಂಡ ನನಗೆ, ತಮಾಷಾ ಮೇಳದವರೇನು ಎಂದು. ಇದನ್ನೂ ಅಣ್ಣಾಸಾಹೇಬನ ಲೆಕ್ಕಕ್ಕೇ ಬರೆದಿಟ್ಟಿದ್ದೇನೆ.

ಮಹಾದ್ವಾರ ರಸ್ತೆಯ ಹಿಂದಿನ ಓಣಿಯಲ್ಲಿ ವಾದ್ಯದ ಅಂಗಡಿಗಳಿವೆ. ಅವುಗಳಲ್ಲಿ ದೊಡ್ಡ ಅಂಗಡಿಯ ಮಾಲೀಕ ಪದ್ಮಕುಮಾರ ಎಂಬುವನು. ದಪ್ಪ ಚಸಮಾ, ಇಸ್ತ್ರಿ ಮುರಿಯದ ಅಂಗಿ. ಚೀಲ ಬಿಚ್ಚಿದ ಕೂಡಲೇ ಮುಖ ಕಿವುಚಿದ.

"ಹೇ ಆಮಚಂ ನಾಹೀ. ನಮ್ಮ ಅಂಗಡ್ಯಾಂದಲ್ಲರಿ ಇದು. ಒಲೀಗ್ ಹಾಕ್ರಿ, ಎರಡ ಭಕ್ರಿ ಬೇಯತಾವ."

"ಯಾರ್ ಮಾಡಿದ್ದು ಅನ್ನೂದಷ್ಟ ಹೇಳ್ರಿ" ಎಂದೆ.

ಕೊರಳಿನ ಮೇಲೆ ಸ್ವರದ ಜಾಗಕ್ಕೆ ಬಡಿದ ಸಣ್ಣ ಪಟ್ಟಿಗಳನ್ನು ಉಗುರಿನಿಂದ ತೋರಿಸಿದ. "ಮುಂಬೈ ಮಾಲಿಗಿ ಇಲ್ಲಿ ಹಿತ್ತಾಳಿ ತಂತಿ ಇರತದ. ಇವು ಚಪ್ಪಟ ಉಕ್ಕ. ಮಗ್ಗದ ಫಣಿ ಹಲ್ಲ ಕಡದ ಬಡದಾರ. ನಿಮ್ಮೂರಿನ ಯಾವನೋ ಬಡಿಗ್ಯಾನ ಕೆಲಸಾ. ಅಲ್ಲೇ ಹುಡುಕ್ರಿ."

ನೂಲು ಮಾರುವ ನನಗೆ ಫಣಿ ಗೊತ್ತಿಲ್ಲವೇ? ಹಾಸಿನ ಎಳೆಗಳನ್ನು ಒಂದೊಂದಾಗಿ ಬೇರ್ಪಡಿಸಿ ಹಿಡಿಯುವ ಉಕ್ಕಿನ ಬಾಚಣಿಗೆ ಅದು. ಮನೆಯಲ್ಲಿ ಇಷ್ಟು ದಿನ ಇಟ್ಟುಕೊಂಡು ನೋಡಿರಲಿಲ್ಲ. ಒಲೆಗೆ ಹಾಕು ಎಂದು ಅವನು ಅಂದಾಗ ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಅವನು ಅಂದ ರೀತಿ ಸರಿ ಇರಲಿಲ್ಲ. ನಮ್ಮೂರಿನ ಮಾಲನ್ನು ನಾವು ಬೈದುಕೊಳ್ಳುತ್ತೇವೆ, ಅವನು ಯಾರು?

ಹೊರಡುವಾಗ ಅಂಗಡಿಯ ಹಿಂಬದಿಗೆ ಕಣ್ಣು ಹೋಯಿತು. ಇಬ್ಬರು ಕೆಲಸಗಾರರು ಒಂದು ಹಾರ್ಮೋನಿಯಮ್ಮಿನ ಭಾತೆ ಬಿಚ್ಚಿಕೊಂಡು, ಗಾಳಿ ತುಂಬುವ ಆ ಮಡಿಕೆಗಳ ಮೇಲೆ ಬಿಳಿ ಮೆತ್ತನೆಯ ಪಟ್ಟಿ ಅಂಟಿಸುತ್ತಿದ್ದರು.

"ಅದೇನ್ರಿ?"

"ಕುರಿ ತೊಗಲ್ರಿ. ತೊಗಲಿಲ್ದ ಗಾಳಿ ನಿಂದರೂದಿಲ್ಲ."

"ಎಲ್ಲಾ ಪೆಟ್ಟಿಗ್ಯಾಗೂ ಇರತದೇನು?"

"ಎಲ್ಲಾದ್ರಾಗೂ. ನಮ್ಮಪ್ಪನ ಕಾಲದಿಂದ," ಎಂದ ಪದ್ಮಕುಮಾರ. ಚಹಾ ತರಿಸಿದ್ದ. ಕುಡಿಯದೆ ಬಂದೆ.

೯-೬-೧೯೬೧

ಗೌರವ್ವ ನೀರಿಗೆ ಹೋದಾಗ ಬಾಗಿಲು ಹಾಕಿಕೊಂಡು ನನ್ನ ಪೆಟ್ಟಿಗೆಯ ತಿರುಪು ತೆಗೆದೆ. ಇದೆ. ಮೂಲೆ ಮೂಲೆಗೂ ಇದೆ, ಹಳದಿಗಟ್ಟಿದೆ. ಅಪ್ಪ ಇದನ್ನು ಮೆಟ್ಟಿಲ ಮೇಲಿಟ್ಟು ಕಣ್ಣು ಮುಚ್ಚಿ ಹಾಡುತ್ತಿದ್ದರು. ರಿಪೇರಿಗೆ ಮಿರಜಿಗೆ ಕಳಿಸುತ್ತಿದ್ದೆವು, ಬಿಚ್ಚಿ ನೋಡಿದವರು ಯಾರು?

ಮತ್ತೆ ತಿರುಪು ಹಾಕಿದೆ. ದೂರು ಇರುವುದು ಮ್ಯಾಂಡೊಲಿನ್ನಿನ ಮೇಲೆ, ನನ್ನ ಪೆಟ್ಟಿಗೆಯ ಮೇಲಲ್ಲ.

೧೨-೬-೧೯೬೧, ಸೋಮವಾರ

ಮೆಟ್ಟಿಲ ಮೇಲೆ ನನ್ನ ಪಕ್ಕ ಖಾಲಿ. ಕಾಲು ಚಾಚಿ ಕೂತೆ. ಪದ ಎತ್ತಿದಾಗಲೆಲ್ಲ ಪೆಟ್ಟಿಗೆ ಉಸ್ಸೆಂದು ಉಸಿರು ಬಿಡುವುದು ಕೇಳಿಸಿತು. ಮೊದಲೂ ಬಿಡುತ್ತಿತ್ತೋ ಏನೋ. ಮಗ್ಗದ ಕೆಲಸಕ್ಕೆ ಹೋಗುವ ಸಾವಕ್ಕ ಮಂಗಳಾರತಿ ತೆಗೆದುಕೊಳ್ಳುವಾಗ "ಆ ಸಣ್ಣ ತಂತೀ ಸಪ್ಪಳಾ ಎಲ್ಲಿ ಹೋತ್ರಿ?" ಎಂದು ಕೇಳಿದಳು. ನಿನ್ನ ಗಂಡನ ಮನೆಗೆ ಹೋಯಿತು ಎನ್ನಬೇಕೆನಿಸಿತು. ಅಜ್ಜಾರಿದ್ದರು, ಸುಮ್ಮನಾದೆ.

೨೫-೬-೧೯೬೧, ಭಾನುವಾರ

ಮಳೆ ಹಿಡಿದಿದೆ. ತಂತಿಗೆ ತುಕ್ಕು ಬಂದರೆ ನಾನೇ ಕೆಡಿಸಿದೆ ಎಂದು ಅಣ್ಣಾಸಾಹೇಬ ಊರೆಲ್ಲ ಸಾರುತ್ತಾನೆ. ಅದಕ್ಕಾಗಿ ಎಣ್ಣೆಬಟ್ಟೆಯಿಂದ ಒರೆಸಿದೆ. ಒರೆಸಿದ ಮೇಲೆ ಶ್ರುತಿ ಮಾಡದೆ ಇಡುವುದು ಹೇಗೆ? ಮಾಡಿದೆ. ಶ್ರುತಿ ನಿಂತಿದೆಯೋ ಇಲ್ಲವೋ ನೋಡಲು ಎರಡು ಪದ ಬಾರಿಸಿದೆ. "ಸಪ್ಪಳಾ ಸಣ್ಣ ಮಾಡಾಕ ಹೇಳಬೇಕು" ಎಂದು ಗೌರವ್ವ ಗೋಡೆಗೆ ಹೇಳಿದಳು.

ಮಧ್ಯಾಹ್ನ ಯಡ್ರಾವಕ್ಕೆ ಹೋದೆ. ಅಲ್ಲಿ ಮಗ್ಗದ ಬಡಿಗ ಗುರಣ್ಣನ ಅಡ್ಡೆ ಇದೆ. ಅವನು ಮ್ಯಾಂಡೊಲಿನ್ ನೋಡಿ ಉಳಿ ಕೆಳಗಿಟ್ಟ.

"ಆ ಹಲ್ಕಟ್ ಮಾಯಪ್ಪನ ಕೆಲಸಾ. ಇದೂ ನನ್ನ ಅಡ್ಡೇದಾಗಿನ ಕಟ್ಟಿಗೀನ. ಮಗ್ಗಾ ಮುರಕೊಂಡ ಸಾವ್ಕಾರ್ರು ಬಾಗಲದಾಗ ನಿಂತಿರತಿದ್ರು, ಇಂವಾ ಮನ್ಯಾಗ ಕುಂತ ಡಬ್ಬಿ ಕೆತ್ತತಿದ್ದ. ಬೈಸ್ಕೊಳ್ಳಾಕ ನಾನು."

"ಈಗೆಲ್ಲದಾನ?"

"ಗಡಹಿಂಗ್ಲಜಕ್ಕ ಹ್ವಾದ. ಹೆಂಡತಿ ತವರು. ಇದ್ರ ಇದ್ದಾನು, ಸತ್ರ ಸತ್ತಾನು."

"ಯಾವ ಅಂಟ ಹಚ್ಚತಿದ್ದ?"

"ಯಾರಿಗ್ಗೊತ್ತು? ಬಾಗಲಾ ಹಾಕ್ಕೊಂಡ ಕುದಸತಿದ್ರು ಗಂಡಾ ಹೆಂಡತಿ."

ಬಾಗಿಲು ಹಾಕಿಕೊಂಡು ಕುದಿಸುತ್ತಿದ್ದರು ಎಂದರೆ ಮುಚ್ಚಿಡುವಂಥದ್ದೇ. ದನದ ತೊಗಲೇ ಇರಬೇಕು. ಅಣ್ಣಾಸಾಹೇಬನನ್ನು ಯಲಗೂರಪ್ಪನ ಎಂಜಲು ತಂಬಾಕಿನ ಪಕ್ಕ ಕೂಡಿಸಿದ ಹಾಗೇ ಆಯಿತು. ಬರುವಾಗ ಚೀಲ ನೆನೆಯುತ್ತದೆಂದು ಕೊಡೆಯನ್ನು ಅದಕ್ಕೇ ಹಿಡಿದೆ. ನನಗೆ ನೆಗಡಿಯಾಗಿದೆ.

೨೦-೭-೧೯೬೧, ಗುರುವಾರ

ಸಂಕೇಶ್ವರದಲ್ಲಿ, ಬೀಗರ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಗಡಹಿಂಗ್ಲಜ ತಲುಪುವಾಗ ಮಧ್ಯಾಹ್ನವಾಗಿತ್ತು. ಮಾಯಪ್ಪನ ಮನೆ ಎಂದರೆ ಯಾರಿಗೂ ಗೊತ್ತಿಲ್ಲ. ಕಡಲೆ ಹುರಿಯುವ ಫಕೀರವ್ವ ಎಂದು ಒಬ್ಬಳು ಇಚಲಕರಂಜಿಯಿಂದ ಬಂದವಳಿದ್ದಾಳೆ, ಕೇಳಿ ನೋಡಿ ಎಂದರು. ಪೇಟೆಯ ಹಿಂದೆ ತಗಡಿನ ಮಾಡು, ಅದರ ಕೆಳಗೆ ಒಲೆ, ಒಲೆಯ ಮುಂದೆ ಅವಳು. ಚೀಲದಿಂದ ಹೊರಗೆ ಚಾಚಿದ ಕೊರಳನ್ನು ನೋಡಿದಳು. ಸವಟು ಕೆಳಗಿಡಲಿಲ್ಲ.

"ಒಡದೈತೇನು?" ಎಂದಳು. "ಒಡದಿದ್ರ ನಾ ಏನೂ ಮಾಡಾಕಾಗೂದಿಲ್ಲ. ಅಂವಾ ಸತ್ತು ನಾಕ ವರ್ಷಾತು. ಬೈಯೂದಿದ್ರ ಬೈದ ಹೋಗ್ರಿ, ಕಡ್ಲಿ ಸೀಯತಾವ."

ಬಸ್ಸಿನುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಹೋಗಿದ್ದೆ. ಬೈಯಿರಿ ಎಂದು ಅವಳೇ ಹೇಳಿದ ಮೇಲೆ ಒಂದೂ ಬಾಯಿಗೆ ಬರಲಿಲ್ಲ.

"ಒಡದಿಲ್ರಿ" ಎಂದೆ.

ಆಗ ಸವಟು ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ಮ್ಯಾಂಡೊಲಿನ್ ತೆಗೆದುಕೊಂಡು, ಮೇಲಿನ ಹಲಗೆಗೂ ಪಕ್ಕದ ಹಲಗೆಗೂ ಕೂಡುವ ಜಾಗದ ಮೇಲೆ ಉಗುರು ಎಳೆದಳು. "ಒಡದಿಲ್ಲ ಅಂತೀರಿ. ಇಲ್ಲಿ ನೋಡ್ರಿ, ಬಾಯಿ ಬಿಡಾಕತ್ತೈತಿ. ಶ್ರಾವಣಾ ದಾಟಿದ್ರ ಪುಣ್ಯಾ."

"ಯಾಕ ಬಾಯಿ ಬಿಡತೈತಿ? ಏನ ಅಂಟ ಹಚ್ಚೀರಿ?" ಇದನ್ನು ಕೇಳಲೆಂದೇ ಎರಡು ತಿಂಗಳು ಅಲೆದಿದ್ದೆ.

"ಹುಣಸೀಬೀಜದ್ದು," ಎಂದಳು. "ಮದಲ ತೊಗಲ ಅಂಟ ತಂದಿದ್ರು. ನಾವಿದ್ದ ಚಾಳಿನ ಮಾಲೀಕ್ರು ನಿಮ್ಮಂಗ ವಿಭೂತಿಯವರು. ನಾತ ಬಂತಂತ ಭಾಂಡೇಸಾಮಾನಾ ಅಂಗಳಕ್ಕ ಒಗದ್ರು. ಮತ್ತೇನ ಮಾಡೂದ್ರಿ? ನೂಲಿಗಿ ಗಂಜಿ ಹಾಕೂ ಕಾರಖಾನ್ಯಾಗ ನಾ ಹುಣಸೀಬೀಜಾ ಕುದಸೂ ಕೆಲಸಕ್ಕಿದ್ದೆ. ಅದನ್ನ ಗಟ್ಟಿ ಕುದಿಸಿ ಮನೀಗಿ ತಂದೆ. ಕುದಸಾಕಿ ನಾನು, ಹಚ್ಚಾಂವಾ ಅಂವಾ. ಹೊಲಸ ಕುದಸಾಕತ್ತಾರಂತ ಮತ್ತ ಯಾರರೆ ಚಾಡಿ ಹೇಳ್ಯಾರಂತ ಬಾಗಲಾ ಹಾಕ್ಕೊಂಡ ಕುಂದರತಿದ್ವಿ."

ಅಂದರೆ ತೊಗಲಿಲ್ಲ. ಬಿಳಿ ತುಂಡನ್ನು ತೋರಿಸಿ "ಇದು ಎಲಬಲ್ಲೇನು?" ಎಂದೆ. ನನ್ನ ದನಿಯಲ್ಲಿ ಆಸೆ ಇನ್ನೂ ಇತ್ತು.

ಮೊದಲ ಸಲ ನಕ್ಕಳು. "ಅದs ಮಾಲೀಕ್ರು ಒಗದಿದ್ದ ಹಲ್ಲುಜ್ಜೂ ಪ್ಲಾಸ್ಟಿಕ್ ಬ್ರಷ್ಷಿನ ಹಿಡಿಕಿರಿ ಅದು."

ಆಮೇಲೆ ನಾನು ಕೇಳದಿದ್ದರೂ ಹೇಳಿದಳು. ಬೇಸಿಗೆಯಲ್ಲಿ ಆ ಅಂಟು ಕಲ್ಲಾಗುತ್ತಿತ್ತು. ಕೊಲ್ಲಾಪುರದ ಚಸಮಾದವನೊಬ್ಬ ಬಂದು ಇದ್ದಷ್ಟನ್ನೂ ಒಯ್ದು, ತನ್ನ ಅಂಗಡಿಯ ಚೀಟಿ ಅಂಟಿಸಿ ಮಾರಿದ. ಮಳೆ ಹತ್ತಿದ್ದೇ ಒಂದೊಂದಾಗಿ ಬಾಯಿ ಬಿಟ್ಟವು. ತಿರುಗಿ ಬಂದವುಗಳ ಚೀಟಿ ಕೆರೆದು, ಇವು ನಮ್ಮವಲ್ಲ, ಇಂಥವನವು ಎಂದು ಮಂದಿಯನ್ನು ಇವರ ಬಾಗಿಲಿಗೆ ಕಳಿಸಿದ. "ತಗೊಳ್ಳೂವಾಗ ಅವನ ಹೆಸರು, ಬೈಯೂವಾಗ ನಮ್ಮ ಹೆಸರು," ಎಂದಳು ಫಕೀರವ್ವ. "ಅಂವಾ ಅದs ಕೊರಗಿನ್ಯಾಗ ಹ್ವಾದ. ನನಗ ಇವನ್ನ ಕಂಡ್ರ ಮೈ ಉರೀತೈತಿ. ಒಂದೂ ಮನ್ಯಾಗಿಟ್ಟಿಲ್ಲ, ಒಲೀಗ ಹಾಕೇನಿ."

ಹಾಗೆ ಅಂದವಳು ಮ್ಯಾಂಡೊಲಿನ್ನನ್ನು ತಿರುಗಿ ಕೊಡದೆ ತೊಡೆಯ ಮೇಲೇ ಇಟ್ಟುಕೊಂಡಿದ್ದಳು.

"ಇದನ್ನ ಯಾರರೆ ಬಾರಸ್ತಾರೇನ್ರಿ?"

"ನನ್ನ ಹೆಂಡತಿ ತಮ್ಮ."

"ಛಲೋ ಬಾರಸ್ತಾನೇನು?"

"ಛಲೋ ಬಾರಸ್ತಾನ್ರಿ."

ಬೆಳಗಿನಿಂದ ಏನೂ ತಿಂದಿರಲಿಲ್ಲ, ಬಾಯಿ ತಪ್ಪಿ ಬಂದ ಮಾತು ಅದು. ಇಂಥ ಮಾತು ಅಣ್ಣಾಸಾಹೇಬನ ಕಿವಿಗೆ ಬಿದ್ದರೆ ಅವನನ್ನು ಹಿಡಿಯಲಾಗದು.

೨೧-೭-೧೯೬೧

ಕೊಲ್ಲಾಪುರದಲ್ಲಿ ಬಸ್ಸಿಳಿದು ನೇರ ಪದ್ಮಕುಮಾರನ ಅಂಗಡಿಗೆ ಹೋದೆ. ನನಗೂ ಅದಕ್ಕೂ ಸಂಬಂಧವಿಲ್ಲ, ಆದರೂ ಹೋದೆ. "ಚೀಟಿ ಕೆರದಾಂವಾ ನೀನs" ಎಂದೆ. ಅವನು ಚಸಮಾ ಒರೆಸಿಕೊಂಡು "ಧಂದಾ ಅದ ರೀ. ಒಡಿಯೂ ಮಾಲಿನ ಮ್ಯಾಲ ನನ್ನ ಹೆಸರು ಹ್ಯಾಂಗ ಇಡ್ಲಿ?" ಎಂದ. ವ್ಯಾಪಾರಿಯಾಗಿ ನೋಡಿದರೆ ಅವನ ಮಾತು ಸರಿ. ನಾನೂ ಅದನ್ನೇ ಮಾಡುತ್ತಿದ್ದೆನೋ ಏನೋ. ಅದಕ್ಕೇ ಇನ್ನೂ ಸಿಟ್ಟು ಬಂತು. ಅವನ ಸ್ಟೂಲನ್ನು ಒದ್ದೆ. ಕೆಲಸಗಾರರಿಬ್ಬರೂ ನನ್ನನ್ನು ರಟ್ಟೆ ಹಿಡಿದು ಮಳೆಗೆ ನೂಕಿದರು. ಟೋಪಿ ಅಲ್ಲೇ ಉಳಿಯಿತು.

೬-೮-೧೯೬೧, ಭಾನುವಾರ

ತೀರ್ಮಾನ ಮಾಡಿದ್ದೇನೆ. ಮಾಡಿದವನು ಸಿಕ್ಕಲಿಲ್ಲ ಎನ್ನುತ್ತೇನೆ. ಯಾರು ಮಾಡಿದ್ದೆಂದು ಗೊತ್ತಿಲ್ಲದ ವಸ್ತುವನ್ನು ಅಜ್ಜಾರು ಮೇಲೆ ಬಿಡುವುದಿಲ್ಲ. ಡಬ್ಬಿ ಕೆಳಗೆ, ನನ್ನ ಪೆಟ್ಟಿಗೆ ಮೇಲೆ, ಯಾರೂ ತಿರುಪು ಬಿಚ್ಚುವುದಿಲ್ಲ. ಇದರಲ್ಲಿ ಸುಳ್ಳೂ ಇಲ್ಲ. ಮಾಯಪ್ಪ ಸತ್ತಿದ್ದಾನೆ, ಸಿಕ್ಕಲಿಲ್ಲವಷ್ಟೇ.

ಮೂರನೇ ತಂತಿ ಗುಂಯ್‌ಗುಡುತ್ತಿದೆ. ನಿನ್ನೆ ಗುಂಯ್‌ಗುಡುತ್ತಿರಲಿಲ್ಲ.

೧೪-೮-೧೯೬೧, ಶ್ರಾವಣ ಸೋಮವಾರ

ಮಠ ತುಂಬಿತ್ತು. ಅಜ್ಜಾರು ಕೈ ಎತ್ತಿದರು, ನಾನು ಎದ್ದೆ.

"ಅಜ್ಜಾರ, ಕೊಲ್ಲಾಪುರಾ, ಯಡ್ರಾವ, ಗಡಹಿಂಗ್ಲಜ ಎಲ್ಲಾ ತಿರಗಿದೆ. ಮಾಡಿದಾಂವಾ ಸಿಗಲಿಲ್ರಿ."

ಅಷ್ಟಕ್ಕೇ ಮುಗಿಯಬೇಕಿತ್ತು. ಗೆದ್ದಿದ್ದೆ. ಅಣ್ಣಾಸಾಹೇಬ ಸುಮ್ಮನೆ ಕೂತಿದ್ದರೆ ಈಗಲೂ ಗೆದ್ದೇ ಇರುತ್ತಿದ್ದೆ. ಅವನು ಎದ್ದು ಅಂಗಿ ಜಗ್ಗಿಕೊಂಡ.

"ಸಿಗೂದರೆ ಹ್ಯಾಂಗ್ರಿ ಅಜ್ಜಾರ? ಯಾವನೋ ಹೆಸರಿಲ್ಲದ ಪೋಕರಿ ಮಾಡಿದ ಡಬ್ಬಿ. ನನಗೂ ಅದು ಬ್ಯಾಡಾಗೇತಿ. ಕೊಲ್ಲಾಪುರದ ಮಹಾದ್ವಾರದ ಕಡೆ ಹೆಸರಿದ್ದ ಅಂಗಡ್ಯಾಗ ಹೊಸಾದು ಹೇಳಿ ಬಂದೇನಿ. ಚೀಟಿ ಅಂಟಿಸಿ ಕೊಡತಾರ. ಇದನ್ನ ಹುಡುಗೂರಿಗಿ ಆಡಾಕ ಕೊಡ್ರಿ."

ಮೂರು ತಿಂಗಳು ನಾನು ಎಣ್ಣೆ ಒರೆಸಿ, ಕೊಡೆ ಹಿಡಿದು ಕಾಪಾಡಿದ್ದನ್ನು ಹುಡುಗರಿಗೆ ಆಡಲು ಕೊಡುತ್ತಾನಂತೆ. ಅದೂ ಆ ಚಸಮಾದವನ ಚೀಟಿಗಾಗಿ.

"ಹೆಸರೈತಿ," ಎಂದೆ. ಎಷ್ಟು ಜೋರಾಗಿ ಅಂದೆನೆಂದರೆ ಅಜ್ಜಾರಿಗೇ ಕೇಳಿಸಿತು. "ಮಾಯಪ್ಪ ಅಂತ ಹೆಸರೈತಿ. ಅಂಟ ಕುದಿಸಿದಾಕಿ ಫಕೀರವ್ವ. ಗಡಹಿಂಗ್ಲಜದಾಗ ಕಡ್ಲಿ ಹುರೀತಾಳ. ಹುಣಸೀಬೀಜದ ಅಂಟದು. ಬಿಳೇದು ಹಲ್ಲುಜ್ಜೂ ಬ್ರಷ್ಷಿನ ಹಿಡಿಕಿ. ಇದರಾಗ ತೊಗಲಿಲ್ಲ, ಎಲಬಿಲ್ಲ. ನಿನ್ನ ಹೆಸರಿದ್ದ ಅಂಗಡ್ಯಾಗ ತೊಗಲಿಲ್ದ ಕೆಲಸಾನ ಇಲ್ಲ. ನನ್ನ ಪೆಟ್ಟಿಗ್ಯಾಗೂ ಕುರಿ ತೊಗಲೈತಿ, ಬೇಕಾದ್ರ ಬಿಚ್ಚಿ ನೋಡ್ಕೋ ಹೋಗ."

ಕಡೆಯ ಮಾತು ಯಾಕೆ ಬಂತೋ ಗೊತ್ತಿಲ್ಲ. ಸಿಟ್ಟಿಗೆ ಬ್ರೇಕು ಇರುವುದಿಲ್ಲ.

ಅಜ್ಜಾರು ನನ್ನ ಕಡೆ ಕತ್ತು ತಿರುಗಿಸಿದರು. "ಈಗರೆ ಸಿಗಲಿಲ್ಲ ಅಂದಿ?"

"ಸಿಟ್ಟ ಬಂದ ಮ್ಯಾಲ ನೆನಪಾತ್ರಿ."

"ಪೆಟ್ಟಿಗಿ ಕೆಳಗಿಳಸು" ಎಂದರು ಅಜ್ಜಾರು. "ಆ ಮ್ಯಾಂಡೊಲಿನ್ ಮ್ಯಾಲಿರಲಿ."

ಪೆಟ್ಟಿಗೆ ಭಾರ. ಯಾರೂ ಕೈ ಹಚ್ಚಲಿಲ್ಲ. ಅಪ್ಪನ ಜಾಗದಿಂದ ಎಳೆದುಕೊಂಡು ಇಳಿಸಿದೆ. ಯಲಗೂರಪ್ಪ ತನ್ನ ತಬಲಾ ಸರಿಸಿ, "ಇಲ್ಲಿ ಕುಂದರ್ರಿ ಸಾವ್ಕಾರ್ರ, ಇಲ್ಲಿ ಸೋರೂದಿಲ್ಲ" ಎಂದ. ಅವನ ದಯೆ ಯಾರಿಗೆ ಬೇಕಿತ್ತು? ಕಣ್ಣಲ್ಲಿ ನೀರು ಬಂತು. ಧೂಪದ ಹೊಗೆ ಎಂದು ಕಣ್ಣೊರೆಸಿಕೊಂಡೆ.

ಮನೆಗೆ ಬಂದ ಮೇಲೆ ಗೌರವ್ವ ಬಾಗಿಲಲ್ಲೇ ನಿಂತು "ನಿಮಗ ಬುದ್ಧಿ ಅನ್ನೂದೈತೇನು?" ಎಂದಳು. ಗೋಡೆಗಲ್ಲ, ನನಗೆ.

೨೧-೮-೧೯೬೧, ಸೋಮವಾರ

ಮೆಟ್ಟಿಲ ಕೆಳಗಿನಿಂದ ಅಣ್ಣಾಸಾಹೇಬನ ಅಂಗಾಲು ಬಿಟ್ಟು ಬೇರೇನೂ ಕಾಣುವುದಿಲ್ಲ. ಅಂಗಾಲು ತೊಳೆಯುವ ರೂಢಿ ಅವರ ಮನೆಯಲ್ಲಿಲ್ಲ. ನಾನು ಪೆಟ್ಟಿಗೆಯನ್ನು ಜೋರಾಗಿ ಒತ್ತಿದೆ, ಅವನು ಕೇಳಿಸಿಕೊಳ್ಳಲಿಲ್ಲ. ಮೂರನೇ ತಂತಿ ಗುಂಯ್‌ಗುಡುತ್ತಲೇ ಇದೆ. ಮಠದಲ್ಲಿ ನನ್ನೊಬ್ಬನಿಗೇ ಅದು ಕೇಳಿಸುತ್ತಿರಬೇಕು. ಉಳಿದವರೆಲ್ಲ ತಲೆದೂಗುತ್ತಿದ್ದರು.

೩೦-೮-೧೯೬೧, ಬುಧವಾರ

ಮಧ್ಯಾಹ್ನ. ಮಳೆ ನಿಂತಿಲ್ಲ.

ಬೆಳಿಗ್ಗೆ ಅಣ್ಣಾಸಾಹೇಬ ಮ್ಯಾಂಡೊಲಿನ್ನನ್ನು ಹೊದಿಕೆಯಲ್ಲಿ ಸುತ್ತಿಕೊಂಡು ಬಂದ. ಫಕೀರವ್ವ ಉಗುರೆಳೆದ ಜಾಗದಲ್ಲೇ ಬಾಯಿ ಬಿಟ್ಟಿದೆ. ಒಂದು ಪಕ್ಕವೆಲ್ಲ ತೆರೆದುಕೊಂಡು ಒಳಗಿನ ಕೆರೆದ ಗುರುತು ಕಾಣುತ್ತಿದೆ.

"ಮಾವಾರ, ಕೊಲ್ಲಾಪುರಕ್ಕ ಒಯ್ದ್ರ ಒಂದ ದಿನದ ಕೆಲಸಂತ. ಅವರ ತೊಗಲ ಅಂಟ ಹತ್ತ ವರ್ಷ ಬಿಡೂದಿಲ್ಲಂತ. ಯಾರಿಗಿ ಗೊತ್ತಾಗತೈತಿ?"

ಒಯ್ಯಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಸೋಮವಾರ ನಾನೇ ಎದ್ದು ದೂರು ಕೊಡಬಹುದಿತ್ತು, ಅವನ ಅಂಗಾಲು ಮೆಟ್ಟಿಲಿಳಿದು ಬರುತ್ತಿತ್ತು. ಬೇಸಿಗೆಯಿಂದ ನಾನು ಬಯಸಿದ್ದು ಅದನ್ನೇ.

"ಹುಚ್ಚ ಸೂಳೆಮಗನ, ಆ ಅಂಟ ಹಚ್ಚಿದ್ರ ಇದು ಮಾಯಪ್ಪಂದ ಎಲ್ಲಿ ಉಳೀತು?" ಎಂದು ಬೈದು, ಗೌರವ್ವನಿಗೆ ಹುಣಸೆಬೀಜ ಕೇಳಿದೆ.

ನಾನು ಕುದಿಸಿದ ಮೊದಲ ಪಾತ್ರೆ ತಳ ಹಿಡಿಯಿತು. ಗೌರವ್ವ ಸವಟು ಕಸಿದುಕೊಂಡು ಇನ್ನೊಮ್ಮೆ ಹಿಟ್ಟು ಕಲಸಿ ಕುದಿಸಿದಳು. ಹಚ್ಚಿದೆವು. ಹಗ್ಗ ಬಿಗಿದರೆ ಹಲಗೆ ಜಾರುತ್ತದೆ, ಕಲ್ಲು ಹೇರಿದರೆ ಬಿರುಕು ಬಿಡುವ ಭಯ. ಕೈಯಿಂದಲೇ ಅದುಮಿ ಹಿಡಿಯಬೇಕು. ಒಂದು ಕಡೆ ನಾನು ಬಲಗೈಯಿಂದ ಹಿಡಿದಿದ್ದೇನೆ, ಇನ್ನೊಂದು ಕಡೆ ಅವನು ಎರಡೂ ಕೈಯಿಂದ ಹಿಡಿದಿದ್ದಾನೆ. ಮೊಣಕಾಲಿಗೆ ಮೊಣಕಾಲು ತಾಗುತ್ತಿದೆ. ಇಷ್ಟು ಹತ್ತಿರದಿಂದ ನೋಡಿದರೆ ಇವನ ಮೂಗು ಇನ್ನೂ ಕೆಟ್ಟದಾಗಿದೆ. ಈ ಹವೆಯಲ್ಲಿ ಒಣಗಲು ಸಂಜೆಯಾದೀತು ಎನ್ನುತ್ತಾಳೆ ಗೌರವ್ವ. ಒಣಗಿದರೂ ಮುಂದಿನ ಮಳೆಗಾಲಕ್ಕೆ ಮತ್ತೆ ಬಾಯಿ ಬಿಡುತ್ತದೆ.

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

"ಏನ ಬರಿಯಾಕತ್ತೀರಿ ಮಾವಾರ?"

"ನಿನ್ನ ಬೈದ ಬರಿಯಾಕತ್ತೇನಿ."

"ಬರೀರಿ," ಎಂದ. "ಆ ಕೈ ಮಾತ್ರ ಬಿಡಬ್ಯಾಡ್ರಿ."